ಆರರ ಮೇಲೆ ಬಿದ್ದ ಕೆಂಪು ಗೀಟು

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಮುಂಜಾನೆಯ ಎಂಟೂಕಾಲರ ಬಸ್ಸಿನಲ್ಲಿ ಎಡಗಡೆಯ ನಾಲ್ಕನೆಯ ಸೀಟು ಆಸಿಫಾ ಮೇಡಂ ಅವರದು. ಹಾಗಂತ ಎಲ್ಲೂ ಬರೆದಿಲ್ಲ. ಆದರೆ ಒಬ್ಬಳೇ ಹೆಂಗಸು ಹದಿನಾರು ವರ್ಷ ಒಂದೇ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದರೆ ಆ ಕಿಟಕಿ ಅವಳ ಹೆಸರಿಗೇ ಆಗಿಬಿಡುತ್ತದೆ. ಕಂಡಕ್ಟರುಗಳು ಬದಲಾದರು, ಬಸ್ಸು ಬದಲಾಯಿತು, ಸೂಡಿಯ ಹತ್ತಿರದ ತಗ್ಗು ಮಾತ್ರ ಇದ್ದಲ್ಲೇ ಇದೆ. ಅಲ್ಲಿ ಚಕ್ರ ಇಳಿದು ಎದ್ದಾಗ ಆಸಿಫಾಳ ಹಣೆ ಕಿಟಕಿಯ ಸರಳಿಗೆ ಬಡಿದು ಎಚ್ಚರವಾಗುತ್ತದೆ. ಎಚ್ಚರವಾದ ಮೇಲೆ ಅವಳು ಚೀಲದಿಂದ ಹುಡುಗರ ಉತ್ತರಪತ್ರಿಕೆ ತೆಗೆಯುತ್ತಾಳೆ. ಅಲ್ಲಿಂದ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ತನಕ ಐದು ಪತ್ರಿಕೆ ತಿದ್ದಬಹುದು, ಡ್ರೈವರ್ ನಿಧಾನಸ್ಥನಾಗಿದ್ದರೆ ಆರು.

ಅವಳು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಒಂದೆರಡು ದಿನ ಇದ್ದು ಹೋಗುವವರು. ಹದಿನಾರು ವರ್ಷ ಬಂದುಹೋಗುವವಳನ್ನು ಯಾವ ಮನೆಯವರು ಅತಿಥಿ ಅನ್ನುತ್ತಾರೋ ಆ ಸರ್ಕಾರಕ್ಕೇ ಗೊತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಹೊಸದಾಗಿ ಅರ್ಜಿ, ಬೇಸಿಗೆಗೆ ಬಿಡುಗಡೆ. ನಲವತ್ತಕ್ಕೆ ಕಾಲಿಡುವ ಹೊತ್ತಿಗೆ ಅವಳಿಗೆ ಇದರ ಮೇಲೆ ಸಿಟ್ಟೂ ಉಳಿದಿರಲಿಲ್ಲ. ಸಿಟ್ಟು ಮಾಡಿಕೊಳ್ಳಲಿಕ್ಕೂ ತ್ರಾಣ ಬೇಕು. ಮನೆಯಲ್ಲಿ ಮುಂಜಾನೆ ಐದಕ್ಕೆ ಎದ್ದು ಅತ್ತೆ ಖಾಜಾಬಿಗೆ ಗುಳಿಗೆ, ಗಂಡ ಸಾಜೀದನಿಗೆ ಬುತ್ತಿ, ಮಗಳಿಗೆ ಜಡೆ. ಇಷ್ಟು ಮುಗಿಸಿ ಬಸ್ಸು ಹತ್ತುವಷ್ಟರಲ್ಲಿ ಅವಳ ಒಂದು ದಿನದ ಶಕ್ತಿಯಲ್ಲಿ ಅರ್ಧ ಖರ್ಚಾಗಿರುತ್ತಿತ್ತು.

ಆದರೂ ಒಂದು ಪಾಠ ಮಾತ್ರ ಅವಳು ದಣಿವು ಮರೆತು ಮಾಡುತ್ತಿದ್ದಳು. ಅದು ಸಿ ಭಾಷೆಯಲ್ಲಿ ಲೂಪಿನ ಪಾಠ. ಕಂಪ್ಯೂಟರಿಗೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡು ಎಂದು ಹೇಳುವ ಬಗೆ ಅದು. 'ಐ' ಎಂಬ ಹೆಸರಿನ ಡಬ್ಬಿಯಲ್ಲಿ ಒಂದು ಇಡು. ಐದು ದಾಟುವ ತನಕ ಒಳಗಿನ ಕೆಲಸ ಮಾಡು, ಮಾಡಿದ ಮೇಲೆ ಪ್ರತಿ ಸಲ ಡಬ್ಬಿಯಲ್ಲಿ ಒಂದು ಕೂಡಿಸು. ಇಷ್ಟೇ. ಆಮೇಲೆ ಆಸಿಫಾ ಬೋರ್ಡಿನ ಕಡೆ ಬೆನ್ನು ಮಾಡಿ ಕೇಳುತ್ತಿದ್ದಳು: "ಲೂಪ್ ಮುಗದ ಮ್ಯಾಲೆ ಐ ಒಳಗ ಎಷ್ಟ್ ಉಳೀತು?"

ಹದಿನಾರು ವರ್ಷವೂ ಹುಡುಗರು ಒಕ್ಕೊರಲಿನಿಂದ ಐದು ಅಂದರು.

"ಅಲ್ಲ. ಬುಟ್ಟ್ಯಾಗ ಐದು ರೊಟ್ಟಿ ಅದಾವ ಅಂತ ತಿಳೀರಿ. ಕಣ್ಣು ಮುಚ್ಚಿ ಒಂದೊಂದ ತಕ್ಕೊಂಡು ತಿನ್ನಾಕತ್ತೀರಿ. ರೊಟ್ಟಿ ಮುಗದಾವು ಅಂತ ನಿಮಗ ಯಾವಾಗ ತಿಳೀತೈತಿ? ಆರನೇ ಸಲ ಕೈ ಹಾಕಿದಾಗ. ಕೈಗೆ ಬರೇ ಬುಟ್ಟಿ ಹತ್ತತೈತಿ. ಕಂಪ್ಯೂಟರೂ ಹಂಗ. ಆರಕ್ಕ ಹೋಗಿ, ಆಗೂದಿಲ್ಲ ಅಂತ ನೋಡಿ ಹೊರಗ ಬರತೈತಿ. ಡಬ್ಬ್ಯಾಗ ಆರು ಉಳೀತೈತಿ."

ಹುಡುಗರು ನಗುತ್ತಿದ್ದರು. ಬಹಳ ಮಂದಿಗೆ ರೊಟ್ಟಿ ನೆನಪಿರುತ್ತಿತ್ತು, ಆರು ಮರೆತುಹೋಗುತ್ತಿತ್ತು. ಅದಕ್ಕೇ ಅವಳು ಕಟ್ಟುನಿಟ್ಟು ಮಾಡಿದ್ದಳು: ತಲೆಯೊಳಗೆ ಓಡಿಸಬಾರದು, ಹಾಳೆಯ ಮೇಲೆ ಓಡಿಸಬೇಕು. ಮೂರು ಗೆರೆ ಎಳೆದು ಒಂದು ಕಡೆ ಐ, ಒಂದು ಕಡೆ ಷರತ್ತು, ಒಂದು ಕಡೆ ಪರದೆಯ ಮೇಲೆ ಮೂಡುವುದು. ಪ್ರತಿ ಸುತ್ತಿಗೂ ಒಂದು ಸಾಲು ಬರೆಯಬೇಕು.

ಕಳೆದ ವರ್ಷದ ಅರವತ್ತೆರಡು ಮಕ್ಕಳಲ್ಲಿ ಈ ಮಾತನ್ನು ಶಿರಸಾವಹಿಸಿ ಪಾಲಿಸಿದವಳು ಒಬ್ಬಳೇ, ಉಡಚವ್ವ. ಗಜೇಂದ್ರಗಡದಲ್ಲೇ ಕೈಮಗ್ಗ ನೇಯುವವರ ಓಣಿಯ ಹುಡುಗಿ. ಮಾತು ಕಡಿಮೆ. ಬೋರ್ಡಿನಿಂದ ಬರೆದುಕೊಳ್ಳುವಾಗ ಆಸಿಫಾ ಬಿಟ್ಟ ಒಂದು ಚುಕ್ಕಿಯನ್ನೂ ಬೆರಳು ಮಾಡಿ ತೋರಿಸುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ತಂದೆ ಹೂವಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಎರಡು ಮಗ್ಗ, ನೇಯಲು ತಾಯಿ ಗಾಳೆವ್ವ ಒಬ್ಬಳು. ಗಾಳೆವ್ವ ಮಗಳನ್ನು ಕಾಲೇಜಿಗೆ ಕಳಿಸುವಾಗ ಒಂದೇ ಮಾತು ಹೇಳಿದ್ದಳಂತೆ: ಒಂದು ವಿಷಯ ಕೈಕೊಟ್ಟರೂ ಖಾಲಿ ಮಗ್ಗಕ್ಕೆ ನೀನೇ ಕೂಡಬೇಕು. ಇದನ್ನು ಉಡಚವ್ವ ದೂರಿನಂತೆ ಹೇಳಿರಲಿಲ್ಲ, ಪ್ರವೇಶದ ದಿನ ಸುಮ್ಮನೆ ತಿಳಿಸಿದ್ದಳು.

ಕಳೆದ ಅಕ್ಟೋಬರಿನಲ್ಲಿ ಕಿರುಪರೀಕ್ಷೆ ಬಂತು. ಆಸಿಫಾ ಪ್ರಶ್ನೆಪತ್ರಿಕೆಯನ್ನು ಕೈಯಲ್ಲಿ ಬರೆದು ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯ ಮೆಹಬೂಬಸುಭಾನಿ ಚಾಚಾನಿಗೆ ಕೊಡುತ್ತಿದ್ದಳು. ಅರವತ್ತು ದಾಟಿದ ಮನುಷ್ಯ, ಮೊದಲು ತಹಶೀಲ್ದಾರ್ ಕಚೇರಿಯ ಎದುರಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಮಂದಿಯ ಅರ್ಜಿ ಹೊಡೆಯುತ್ತಿದ್ದವ. ಅರ್ಜಿಯಲ್ಲಿ ತಪ್ಪಿದ್ದರೆ ಸಾಹೇಬರು ಬಿಸಾಡುತ್ತಾರೆಂದು ತಾನೇ ತಿದ್ದಿ ಹೊಡೆಯುವುದು ಅವನಿಗೆ ರೂಢಿ. ಸಿ ಭಾಷೆ ಅವನಿಗೆ ಬರದು. ಆದರೆ ಹನ್ನೆರಡು ವರ್ಷ ಅದನ್ನು ಟೈಪು ಮಾಡಿ ಮಾಡಿ ಒಂದು ಗುಟ್ಟು ಕಂಡುಕೊಂಡಿದ್ದ: ಪ್ರತಿ ಸಾಲಿನ ಬಾಲಕ್ಕೆ ಒಂದು ಸೆಮಿಕೋಲನ್ ಇರುತ್ತದೆ, ಮೇಲೊಂದು ಚುಕ್ಕಿ, ಕೆಳಗೊಂದು ಕೊಕ್ಕೆ.

"ಮೇಡಂ, ಮೂರನೇ ಪ್ರಶ್ನ್ಯಾಗ ಒಂದು ಸಾಲಿಗೆ ಚುಕ್ಕಿಕೊಕ್ಕಿ ಬಿಟ್ಟಿದ್ರಿ. ನಾನ ಹಾಕೀನ್ರಿ," ಅಂದ ಅವತ್ತು, ಅರವತ್ತೈದು ಪ್ರತಿಗಳ ಕಟ್ಟು ಕೊಡುತ್ತ. ಮಂದಿಯ ಎದುರು ಅವನು ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದ, ಮಂದಿ ಇಲ್ಲದಾಗ ಮಗಳೆಂಬಂತೆ 'ಬೇಟಿ' ಎಂದು.

ರೋಣದ ಬಸ್ಸು ಹಾರ್ನು ಹೊಡೆಯುತ್ತಿತ್ತು. ಖಾಜಾಬಿಗೆ ಜ್ವರವೆಂದು ಸಾಜೀದ ಮೂರು ಸಲ ಫೋನು ಮಾಡಿದ್ದ. "ಚಲೋ ಮಾಡಿದ್ರಿ ಚಾಚಾ," ಎಂದು ತಲೆಯಾಡಿಸಿ ಆಸಿಫಾ ಓಡಿದಳು. ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ.

ಚಾಚಾ ಚುಕ್ಕಿಕೊಕ್ಕೆ ಹಾಕಿದ್ದು ಲೂಪಿನ ಸಾಲಿನ ಬಾಲಕ್ಕೆ. ಅಲ್ಲಿ ಅದನ್ನು ಹಾಕಬಾರದು. ಹಾಕಿದರೆ ಲೂಪು ಅಲ್ಲಿಗೇ ಮುಗಿದುಹೋಗುತ್ತದೆ; ಒಳಗೆ ಕೆಲಸವೇ ಇಲ್ಲದೆ ಐದು ಸಲ ಬರಿದೇ ಸುತ್ತಿ ಹೊರಬೀಳುತ್ತದೆ. ಕೆಳಗಿನ 'ಐ ತೋರಿಸು' ಎಂಬ ಸಾಲು ಐದು ಸಲ ನಡೆಯುವ ಬದಲು ಕೊನೆಗೆ ಒಮ್ಮೆ ಮಾತ್ರ ನಡೆಯುತ್ತದೆ. ಒಂದು, ಎರಡು, ಮೂರು, ನಾಲ್ಕು, ಐದು ಎಂದು ಮೂಡಬೇಕಾದಲ್ಲಿ ಒಂದೇ ಒಂದು ಆರು ಮೂಡುತ್ತದೆ. ಬೆನ್ನು ಮುರಿದ ಎಮ್ಮೆಗೆ ನೊಣದ ಭಾರವೂ ಹೆಚ್ಚು ಅನ್ನುವಂತೆ, ಅಷ್ಟು ಸಣ್ಣ ಚುಕ್ಕಿಗೆ ಇಡೀ ಲೆಕ್ಕ ಕುಸಿದುಬಿಡುತ್ತದೆ.

ಅರವತ್ತೊಂದು ಮಕ್ಕಳಿಗೆ ಆ ಚುಕ್ಕಿ ಕಾಣಲಿಲ್ಲ. ಒಂದರಿಂದ ಐದು ಎಂದು ಬರೆದರು. ಉಡಚವ್ವ ಮೂರು ಗೆರೆ ಎಳೆದು, ಸಾಲು ಸಾಲು ಓಡಿಸಿ, ಕೆಳಗೆ 'ಆರು' ಎಂದು ಬರೆದು ಸುತ್ತ ಗುಂಡು ಹಾಕಿದಳು. ಆಸಿಫಾ ಆ ಪತ್ರಿಕೆಯನ್ನು ಸೂಡಿ ದಾಟಿದ ಮೇಲೆ ತಿದ್ದಿದಳು. ಅತ್ತೆಯ ಜ್ವರದಲ್ಲಿ ಎರಡು ದಿನ ಕಣ್ಣು ಮುಚ್ಚಿರಲಿಲ್ಲ. ತನ್ನ ಕೈಬರಹದ ಪ್ರಶ್ನೆ ನೋಡಿ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು, ಅಚ್ಚಾದ ಪ್ರಶ್ನೆಯನ್ನು ತಿರುಗಿ ನೋಡಲಿಲ್ಲ. ಆರರ ಮೇಲೆ ಕೆಂಪು ಗೀಟು ಎಳೆದು, ಅಂಚಿನಲ್ಲಿ 'ಲಕ್ಷ್ಯಗೊಟ್ಟು ಓದು' ಎಂದು ಬೇರೆ ಬರೆದಳು.

ಹುಡುಗಿ ಬಂದು ಕೇಳಲಿಲ್ಲ. ಜನವರಿಯಲ್ಲಿ ದೊಡ್ಡ ಪರೀಕ್ಷೆ ಆಯಿತು, ಮಾರ್ಚಿಗೆ ಫಲಿತಾಂಶ. ಉಡಚವ್ವ ಉಳಿದೆಲ್ಲ ವಿಷಯಗಳಲ್ಲೂ ಪಾಸು, ಸಿ ಭಾಷೆಯಲ್ಲಿ ಮೂರು ಅಂಕ ಕಡಿಮೆ. ಮರುದಿನದಿಂದ ಕಾಲೇಜಿಗೆ ಬರಲಿಲ್ಲ. ಆಸಿಫಾಗೆ ಆಶ್ಚರ್ಯವಾಯಿತು, ಕೆಡುಕೆನಿಸಿತು. ಒಂದು ಸಲ ಅವರ ಮನೆಗೆ ಹೋಗಿಬರಬೇಕು ಅಂದುಕೊಂಡಳು. ಅಂದುಕೊಂಡಿದ್ದು ಬೇಸಿಗೆಯ ಬಿಡುಗಡೆಯ ತನಕ ಅಂದುಕೊಂಡಿದ್ದಾಗಿಯೇ ಉಳಿಯಿತು.

ಈ ವರ್ಷ ಮತ್ತೆ ಅರ್ಜಿ, ಮತ್ತೆ ಅದೇ ಕಾಲೇಜು, ಮತ್ತೆ ಅಕ್ಟೋಬರಿನ ಕಿರುಪರೀಕ್ಷೆ. ಹೊಸ ಪ್ರಶ್ನೆ ತೆಗೆಯುವ ಉಮೇದು ಇರಲಿಲ್ಲ. ಚಾಚಾನ ಅಂಗಡಿಗೆ ಹೋಗಿ, "ಹೋದ ವರ್ಷದ್ದು ತಗೀರಿ, ನಾಲ್ಕು ಅಂಕಿ ಬದಲಿ ಮಾಡೂಣು," ಅಂದಳು. ಪರದೆಯ ಮೇಲೆ ಪತ್ರಿಕೆ ತೆರೆಯಿತು. ಮೂರನೆಯ ಪ್ರಶ್ನೆಗೆ ಬಂದಾಗ ಅವಳ ಬೆರಳು ಅಲ್ಲೇ ನಿಂತಿತು.

"ಚಾಚಾ, ಇಲ್ಲಿ ಈ ಚುಕ್ಕಿ ಯಾರ್ ಹಾಕಿದ್ರಿ?"

"ನಾನ ರಿ. ನೀವ ಬಿಟ್ಟಿದ್ರಿ. ಅವತ್ತ ಹೇಳಿದ್ನಲ್ರಿ, ನೀವ ಚಲೋ ಮಾಡಿದ್ರಿ ಅಂದ್ರಿ." ಅವನ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವನ ಸಮಾಧಾನವಿತ್ತು. ಅವಳಿಗೆ ಅವನನ್ನು ಬೈಯಲು ಬಾಯಿ ಬರಲಿಲ್ಲ. ಬೈದರೆ ಮೊದಲು ತನ್ನನ್ನೇ ಬೈದುಕೊಳ್ಳಬೇಕಿತ್ತು.

ಕಾಲೇಜಿಗೆ ಹೋಗಿ ಕಪಾಟಿನಲ್ಲಿದ್ದ ಹಳೆಯ ಕಟ್ಟು ಬಿಚ್ಚಿದಳು. ಯಾರದು ಎಂದು ಹುಡುಕುವ ಮೊದಲೇ ಗೊತ್ತಿತ್ತು. ಮೂರು ಗೆರೆ, ನೇರವಾದ ಸಾಲುಗಳು, ಗುಂಡಿನೊಳಗೆ ಆರು, ಅದರ ಮೇಲೆ ತನ್ನ ಗೀಟು. 'ಲಕ್ಷ್ಯಗೊಟ್ಟು ಓದು.' ಆಸಿಫಾಗೆ ನಾಚಿಕೆಯಾಯಿತು. ಎಷ್ಟು ನಾಚಿಕೆಯಾಯಿತೆಂದರೆ, ಸ್ಟಾಫ್‌ರೂಮಿನಲ್ಲಿ ಯಾರೂ ಇಲ್ಲದಿದ್ದರೂ ಪತ್ರಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕಿರುಪರೀಕ್ಷೆಯ ಅಂಕ ವಿಶ್ವವಿದ್ಯಾಲಯಕ್ಕೆ ಹೋಗಿ ವರ್ಷವಾಗಿತ್ತು, ಅದನ್ನು ತಿದ್ದುವ ದಾರಿ ಇರಲಿಲ್ಲ. ಒಂದು ದಾರಿ ಮಾತ್ರ ಇತ್ತು. ಫೇಲಾದವರು ಜನವರಿಯಲ್ಲಿ ಮತ್ತೆ ಬರೆಯಬಹುದು, ಪಾಸಾದರೆ ಬಿಟ್ಟಲ್ಲಿಂದ ಸೇರಬಹುದು. ಫಾರ್ಮು ತುಂಬಲು ಇನ್ನು ಹದಿನೆಂಟು ದಿನ ಉಳಿದಿದ್ದವು.

ಅವತ್ತು ಸಂಜೆ ಅವಳು ಐದೂಕಾಲರ ಬಸ್ಸು ಬಿಟ್ಟು ನೇಕಾರರ ಓಣಿಗೆ ಹೋದಳು. ಮಗ್ಗದ ಸದ್ದು ದೂರದಿಂದಲೇ ಕೇಳುತ್ತಿತ್ತು. ಒಳಗೆ ಎರಡು ಮಗ್ಗಗಳಲ್ಲಿ ತಾಯಿ ಮಗಳು ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದರು. ಆಸಿಫಾಳನ್ನು ಕಂಡು ಉಡಚವ್ವನ ಕೈಯಲ್ಲಿನ ನೂಲಿನ ಲಾಳಿ ನಿಂತಿತು. ಗಾಳೆವ್ವನದು ನಿಲ್ಲಲಿಲ್ಲ.

"ಬರ್ರಿ ಅಕ್ಕಾರ, ಕುಂಡ್ರರಿ," ಅಂದಳು ಗಾಳೆವ್ವ. ಸಾಲಿ ಕಲಿಸುವ ಹೆಂಗಸರೆಲ್ಲ ಅವಳಿಗೆ ಅಕ್ಕಾರೇ.

ಆಸಿಫಾ ಚಾಪೆಯ ಮೇಲೆ ಕೂತು, ಸುತ್ತುಬಳಸದೆ, ಪತ್ರಿಕೆಯನ್ನು ಉಡಚವ್ವನ ಮುಂದೆ ಹಿಡಿದಳು. "ನಿನ್ನ ಉತ್ತರ ಖರೇ ಇತ್ತವ್ವಾ. ನಾನ ತಪ್ಪು ತಿದ್ದೀನಿ."

ಹುಡುಗಿ ಪತ್ರಿಕೆಯನ್ನು ಮುಟ್ಟಲಿಲ್ಲ. "ಗೊತ್ರಿ ಮೇಡಂ," ಅಂದಳು ಮೆಲ್ಲಗೆ. "ಲ್ಯಾಬಿನ್ಯಾಗ ಹಾಕಿ ನೋಡಿದ್ದೆ. ಆರೇ ಬಂದಿತ್ತು."

"ಮತ್ತ ಯಾಕ ಕೇಳಲಿಲ್ಲ?"

"ಕಂಪ್ಯೂಟರ್ ಆರು ಅಂತು. ನೀವು ತಪ್ಪು ಅಂದ್ರಿ. ಪೇಪರ್ ತಿದ್ದೋರು ನೀವೇ ರಿ, ಕಂಪ್ಯೂಟರ್ ತಿದ್ದಂಗಿಲ್ಲಲ್ರಿ." ಎಳೆಗಳನ್ನು ಸವರಿ, ಮತ್ತೆ ಹೇಳಿದಳು. "ಜನವರ್ಯಾಗ ದೊಡ್ಡ ಪರೀಕ್ಷ್ಯಾಗೂ ಚುಕ್ಕಿ ಇಟ್ಟು ಹಂತಾದ ಪ್ರಶ್ನೆ ಕೇಳಿದ್ರು ರಿ. ಐದು ಮಾರ್ಕಿಂದು. ನಾನು ಮೊದಲ ಆರು ಅಂತ ಬರದೆ. ಆಮ್ಯಾಲೆ ನೀವು ಬರದದ್ದು ನೆನಪಾತು. ಹೊಡದ ಹಾಕಿ ಒಂದರಿಂದ ಐದು ಬರದೆ."

ಕಿರುಪರೀಕ್ಷೆಯ ನಾಲ್ಕು ಅಂಕ ಕಳೆದದ್ದು ತಾನು ಎಂದಷ್ಟೇ ತಿಳಿದು ಆಸಿಫಾ ಬಂದಿದ್ದಳು. ದೊಡ್ಡ ಪರೀಕ್ಷೆಯ ಐದು ಅಂಕವೂ ತನ್ನ ಕೆಂಪು ಗೀಟಿಗೇ ಹೋಗಿದ್ದವು. ಮೂರು ಅಂಕ ಸಾಕಿತ್ತು ಹುಡುಗಿಗೆ.

ಗಾಳೆವ್ವ ಈಗ ಲಾಳಿ ಕೆಳಗಿಟ್ಟಳು. ಅವಳಿಗೆ ಲೂಪು ತಿಳಿಯದು, ಮಾತು ತಿಳಿಯಿತು. "ಅಂದ್ರ ಅಕ್ಕಾರ, ಖರೇ ಬರದಾಗೂ ತಪ್ಪು, ತಪ್ಪು ಬರದಾಗೂ ತಪ್ಪು. ಹಿಂತಾ ಸಾಲ್ಯಾಗ ಏನ್ ಕಲೀಬೇಕ್ರಿ? ಮಗ್ಗದಾಗ ಹಂಗಿಲ್ಲ. ಎಳಿ ತಪ್ಪಿದ್ರ ತಪ್ಪೇ ಕಾಣತೈತಿ, ಕೂಡಿದ್ರ ಕೂಡೇ ಕಾಣತೈತಿ."

"ಹೌದ್ರಿ," ಅಂದಳು ಆಸಿಫಾ. "ಇನ್ನೊಮ್ಮೆ ಪರೀಕ್ಷೆ ಬರೀಲಿಕ್ಕೆ ಬರತೈತಿ. ಫಾರಂ ತುಂಬಾಕ ಹದಿನೆಂಟ ದಿನ ಅದಾವು. ಕಳಸ್ರಿ."

"ನಾ ಕಳಸೂದು ಹ್ಯಾಂಗ್ರಿ? ಈಕಿಗೆ ತಾನು ಬರದದ್ದು ಖರೇನೋ ಸುಳ್ಳೋ ತಿಳೀದಂಗ ಆಗೇತಿ. ನೇಯೂವಾಗೂ ಹಂಗ ಮಾಡತಾಳ. ಮೊದಲ ಹಿಂಗಿರಲಿಲ್ಲ. ಒಂದೊಂದ ಎಳಿಗೂ ನನ್ನ ಮಾರಿ ನೋಡತಾಳ." ಗಾಳೆವ್ವ ಮಗ್ಗದ ಮೇಲಿನ ಬಟ್ಟೆಯಲ್ಲಿ ಒಂದು ಕಡೆ ಬೆರಳಿಟ್ಟಳು. "ನಮ್ಮಲ್ಲಿ ಒಂದು ಪದ್ಧತಿ ಐತ್ರಿ. ತಪ್ಪು ನೇದದ್ದು ಯಾರೋ, ಬಿಚ್ಚಬೇಕಾದ್ದೂ ಅವರೇ. ಮತ್ತೊಬ್ಬರ ಕೈ ಹತ್ತಿಸಿದ್ರ ಎಳಿ ಹರೀತೈತಿ. ಬಿಚ್ಚತೀರೇನ್ರಿ?"

ಆಸಿಫಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಐದೂಕಾಲರ ಬಸ್ಸು ಬಿಟ್ಟರೆ ಆರೂವರೆಯದು. ಮನೆ ಮುಟ್ಟುವುದು ಎಂಟು. ಆಮೇಲೆ ಅಡುಗೆ, ಖಾಜಾಬಿಯ ಗುಳಿಗೆ, ಸಾಜೀದನ ಮುನಿಸು. ಈಗಾಗಲೇ ಸೋತ ಮೈ. ಬೇಡ ಎನ್ನಬೇಕೆನಿಸಿತು, ಸುಳ್ಳೇಕೆ. "ಬಿಚ್ಚತೀನ್ರಿ," ಅಂದಳು.

ಮರುದಿನದಿಂದ ಕಾಲೇಜು ಬಿಟ್ಟ ಮೇಲೆ ಅವಳು ಆ ಚಾಪೆಯ ಮೇಲೆ ಕೂಡತೊಡಗಿದಳು. ಪಾಠ ಹೊಸದಾಗಿ ಮಾಡಬೇಕಾದ್ದೇನೂ ಇರಲಿಲ್ಲ, ಹುಡುಗಿಗೆ ಎಲ್ಲ ಬರುತ್ತಿತ್ತು. ಮೂರು ಗೆರೆ ಎಳೆಯುತ್ತಿದ್ದಳು, ಸಾಲುಗಳನ್ನು ಸರಿಯಾಗಿ ಓಡಿಸುತ್ತಿದ್ದಳು, ಕಡೆಯ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ ಆಸಿಫಾಳ ಮುಖ ನೋಡುತ್ತಿದ್ದಳು. "ಎಂಟೇನ್ರಿ?" ಅನ್ನುತ್ತಿದ್ದಳು. ಬೋರ್ಡಿನ ಮೇಲೆ ಬಿಟ್ಟ ಚುಕ್ಕಿಯನ್ನು ಬೆರಳು ಮಾಡಿ ತೋರಿಸಿದ ಹುಡುಗಿ ಇವಳೇ.

"ನನ್ನ ಮಾರಿ ಮ್ಯಾಲೆ ಏನೂ ಬರದಿಲ್ಲವ್ವಾ. ಹಾಳಿ ನೋಡು," ಅನ್ನುತ್ತ ಆಸಿಫಾ ಗೋಡೆಯ ಕಡೆ ತಿರುಗಿ ಕೂಡುತ್ತಿದ್ದಳು. ಹುಡುಗಿ ಆಗ ಬೆನ್ನನ್ನೇ ನೋಡುತ್ತ ಕಾಯುತ್ತಿದ್ದಳು. ಸೇರಿಸುವುದು, ಕಳೆಯುವುದು, ಎರಡೆರಡು ಜಿಗಿಯುವುದು, ಲೂಪಿನೊಳಗೆ ಲೂಪು, ಹೀಗೆ ಒಂದು ವಾರ, ಹತ್ತು ದಿನ ಹೋಯಿತು. ಉತ್ತರ ಸರಿ ಇರುತ್ತಿತ್ತು, ಕೊನೆಗೆ ಆ 'ಏನ್ರಿ' ಮಾತ್ರ ಬಿಡುತ್ತಿರಲಿಲ್ಲ. ಗಾಳೆವ್ವ ನೇಯುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಫಾರ್ಮಿನ ಮಾತು ಎತ್ತುತ್ತಿರಲಿಲ್ಲ.

ಹದಿನಾರನೆಯ ದಿನ ಆಸಿಫಾಗೆ ಬಹಳ ದಣಿವಾಗಿತ್ತು. ಹಿಂದಿನ ರಾತ್ರಿ ಖಾಜಾಬಿಯನ್ನು ದವಾಖಾನೆಗೆ ಕರೆದೊಯ್ದಿದ್ದರು. ಮಧ್ಯಾಹ್ನ ಊಟ ಆಗಿರಲಿಲ್ಲ. ಬರುವಾಗ ಬರಬಾರದಿತ್ತೆಂದುಕೊಂಡೇ ಬಂದಿದ್ದಳು. ಒಂದು ಲೂಪು ಬರೆದುಕೊಟ್ಟು, ಮಗ್ಗದ ಸದ್ದಿಗೆ ಕಣ್ಣು ಎಳೆಯುತ್ತಿರಲು, ಹುಡುಗಿ ಕಡೆಯ ಸಾಲಿಗೆ ಬಂದು ಎಂದಿನಂತೆ ತಲೆಯೆತ್ತಿದಳು.

"ಮೇಡಂ, ಇದು..."

"ಹತ್ತು," ಅಂದುಬಿಟ್ಟಳು ಆಸಿಫಾ, ಹಾಳೆ ನೋಡದೆ. "ಹತ್ತು ಬರಿ. ಮುಗೀತು."

ಉಡಚವ್ವ ಹತ್ತು ಬರೆಯಲು ಪೆನ್ನು ಊರಿದಳು. ಊರಿದ್ದು ಅಲ್ಲೇ ನಿಂತಿತು. ಹಾಳೆಯ ಮೇಲೆ ಮೊದಲ ಸಾಲಿನಿಂದ ಬೆರಳು ಇಳಿಸುತ್ತ ಬಂದಳು. ಇನ್ನೊಂದು ಸಲ ಇಳಿಸಿದಳು. ಮಗ್ಗದ ಸದ್ದು ನಿಂತಿತ್ತು, ಗಾಳೆವ್ವ ಲಾಳಿ ಹಿಡಿದುಕೊಂಡು ಕೂತಿದ್ದಳು.

"ಇಲ್ರಿ," ಅಂದಳು ಹುಡುಗಿ. ಕಣ್ಣು ಹಾಳೆಯ ಮೇಲೇ ಇತ್ತು. "ಹತ್ತ ಅಲ್ರಿ ಮೇಡಂ. ಹನ್ನೊಂದು."

ಆಸಿಫಾ ಹಾಳೆ ಎಳೆದುಕೊಂಡು ನೋಡಿದಳು. ಹನ್ನೊಂದೇ. ಹತ್ತರ ತನಕ ಓಡುವ ಲೂಪು, ಹನ್ನೊಂದನೆಯ ಸಲ ಕೈ ಹಾಕಿ ನೋಡದೆ ಹೊರಗೆ ಬಾರದು. ಹದಿನಾರು ವರ್ಷ ರೊಟ್ಟಿಬುಟ್ಟಿಯ ಕಥೆ ಹೇಳಿದ ಬಾಯಿಯೇ ಹತ್ತು ಅಂದಿತ್ತು.

"ಬೇಕಂತ ತಪ್ಪ ಹೇಳಿದ್ರೇನ್ರಿ, ನನ್ನ ಪರೀಕ್ಷೆ ಮಾಡಾಕ?" ಎಂದು ಕೇಳಿದಳು ಉಡಚವ್ವ.

ಹೌದು ಅಂದುಬಿಟ್ಟರೆ ಮೇಡಂತನ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. "ಇಲ್ಲವ್ವಾ," ಅಂದಳು ಆಸಿಫಾ. "ಖರೇನ ತಪ್ಪೀನಿ. ಭಾಳ ದಣದೀನಿ." ಚೀಲದಿಂದ ಕೆಂಪು ಪೆನ್ನು ತೆಗೆದು ಹುಡುಗಿಯ ಕಡೆ ಸರಿಸಿ, ಹಾಳೆಯ ಮೂಲೆಯಲ್ಲಿ ತನ್ನ ಕೈಯಿಂದ 'ಹತ್ತು' ಎಂದು ಬರೆದಳು. "ತಿದ್ದು."

ಉಡಚವ್ವ ತಾಯಿಯ ಕಡೆ ನೋಡಲಿಲ್ಲ, ಮೇಡಂ ಕಡೆಯೂ ನೋಡಲಿಲ್ಲ. ಹತ್ತರ ಮೇಲೆ ಒಂದು ಸಣ್ಣ ಗೀಟು ಎಳೆದಳು. ಪಕ್ಕದಲ್ಲಿ ಹನ್ನೊಂದು ಬರೆದು ಸುತ್ತ ಗುಂಡು ಹಾಕಿದಳು.

ಗಾಳೆವ್ವ ಮತ್ತೆ ಲಾಳಿ ಎಸೆದಳು. ಎರಡು ಎಳೆ ನೇಯ್ದ ಮೇಲೆ, ಬಟ್ಟೆಯಿಂದ ಕಣ್ಣೆತ್ತದೆ, "ನಾಳೆ ಮುಂಜಾನೆ ಹೋಗಿ ಫಾರಂ ತುಂಬಿ ಬಾ," ಅಂದಳು. ಆಮೇಲೆ ಆಸಿಫಾಗೆ, "ಅಕ್ಕಾರ, ಎರಡು ರೊಟ್ಟಿ ತಿಂದ ಹೋಗ್ರಿ. ಮಾರಿ ನೋಡ್ರಿ ಹ್ಯಾಂಗ ಬಾಡೇತಿ."

ಆಸಿಫಾ ಅಲ್ಲೇ ಚಾಪೆಯ ಮೇಲೆ ಕೂತು ರೊಟ್ಟಿ ತಿಂದಳು. ಬಸ್‌ಸ್ಟ್ಯಾಂಡಿನಲ್ಲಿ ಆರೂವರೆಯ ರೋಣದ ಬಸ್ಸು ಹಾರ್ನು ಹೊಡೆದು ಹೊರಟದ್ದು ಓಣಿಯ ತನಕ ಕೇಳಿಸಿತು.